ಕಾರ್ಡ್ ಆಟವೇ ಕಸುಬಾಗಬೇಕಾದರೆ ಮೊದಲು ಎಂಟು ಜನ ಬೇಕು

ನೂರು ಪಂದ್ಯ ಆಡಿ ಅರವತ್ತು ಗೆಲ್ಲುವವರನ್ನು ಟ್ರೇಡಿಂಗ್ ಕಾರ್ಡ್ ಆಟದಲ್ಲಿ ಬಹಳ ಒಳ್ಳೆಯ ಆಟಗಾರರು ಎನ್ನಬೇಕು. ಟ್ರೇಡಿಂಗ್ ಕಾರ್ಡ್ ಆಟ ಅಂದರೆ ಮ್ಯಾಜಿಕ್, ಪೊಕೆಮಾನ್‌ನಂಥವು: ಕಾರ್ಡ್ ಕೊಂಡು, ಆರಿಸಿ, ತಾವೇ ಕಟ್ಟಿದ ಡೆಕ್ (ಕಾರ್ಡಿನ ಕಟ್ಟು) ಹಿಡಿದು ಇಬ್ಬರು ಆಡುವ ಆಟ. ಚೆಸ್‌ನಲ್ಲಿ ಗ್ರ್ಯಾಂಡ್‌ಮಾಸ್ಟರ್ ಎದುರು ಕಾಲೇಜು ಹುಡುಗ ಕೂತರೆ ಫಲಿತಾಂಶ ಮೊದಲೇ ಗೊತ್ತು. ಇಲ್ಲಿ ಕಲೆಸಿದ ಡೆಕ್‌ನಿಂದ ಏನು ಬರುತ್ತದೋ ಅದನ್ನು ಹಿಡಿದೇ ಆಡಬೇಕು. ವಿಶ್ವ ಚಾಂಪಿಯನ್ ಕೂಡ ಹೊಸಬರ ಎದುರು ಸೋತು ಏಳುವುದುಂಟು.

ಆ ಅರವತ್ತನ್ನು ಟೂರ್ನಿಗೆ ಹಾಕಿ ನೋಡೋಣ. 128 ಜನರ ಸ್ವಿಸ್ ಟೂರ್ನಿ (ಸೋತವರೂ ಹೊರಬೀಳದೆ, ತಮ್ಮಷ್ಟೇ ಅಂಕದವರ ಜೊತೆ ಮುಂದಿನ ಸುತ್ತು ಆಡುವ ಪದ್ಧತಿ) ಅಂದರೆ ಏಳು ಸುತ್ತು. ಕೊನೆಯ ಎಂಟರಲ್ಲಿ ಉಳಿಯಲು ಏಳರಲ್ಲಿ ಆರಾದರೂ ಗೆಲ್ಲಬೇಕು. ಪ್ರತಿ ಪಂದ್ಯ ಗೆಲ್ಲುವ ಸಾಧ್ಯತೆ ಶೇ. 60 ಇದ್ದವರಿಗೆ ಅದು ಆಗುವ ಸಾಧ್ಯತೆ ಸುಮಾರು ಶೇ. 16. ಆಮೇಲೆ ನಾಕೌಟ್‌ನಲ್ಲಿ ಸಾಲಾಗಿ ಮೂರು ಗೆಲ್ಲಲು ಶೇ. 21.6. ಎರಡನ್ನೂ ಗುಣಿಸಿದರೆ ಶೇ. 3.4, ಅಂದರೆ ಇಂಥ ಮೂವತ್ತು ಟೂರ್ನಿಗೆ ಹೆಚ್ಚುಕಡಿಮೆ ಒಂದು ಕಪ್. ಸರಾಸರಿ ಆಟಗಾರರಿಗೆ 128ಕ್ಕೆ ಒಂದು. ವ್ಯತ್ಯಾಸ ನಾಲ್ಕು ಪಟ್ಟಿಗೂ ಮೀರಿದೆ, ನಿಜ. ಆದರೆ ಅದನ್ನೇ ನಂಬಿ ತಿಂಗಳ ಬಾಡಿಗೆ ಕಟ್ಟಲಾಗದು. ಈ ಕಸುಬಿಗೆ ಇಳಿಯಬೇಕೆನ್ನುವ ತುಮಕೂರು, ಕೋಲಾರದ ಹುಡುಗ ಹುಡುಗಿಯರು ಮೊದಲು ಈ ಲೆಕ್ಕವನ್ನು ತಾವೇ ಮಾಡಿ ನೋಡಬೇಕು.

ಕಸುಬು ಹಳೆಯದೇನಲ್ಲ. ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಮ್ಯಾಜಿಕ್: ದಿ ಗ್ಯಾದರಿಂಗ್ ಮಾರುಕಟ್ಟೆಗೆ ಬಂದದ್ದು 1993ರಲ್ಲಿ. 1996ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ಪ್ರೊ ಟೂರ್, ಅಂದರೆ ಮ್ಯಾಜಿಕ್‌ನ ವೃತ್ತಿ ಮಟ್ಟದ ಟೂರ್ನಿ, ನಡೆಯಿತು. ಅದೇ ವರ್ಷ ಜಪಾನಿನಲ್ಲಿ ಪೊಕೆಮಾನ್ ಕಾರ್ಡ್, 1999ರಲ್ಲಿ ಯು-ಗಿ-ಓ, 2019ರಲ್ಲಿ ನ್ಯೂಜಿಲೆಂಡಿನಿಂದ ಫ್ಲೆಶ್ ಅಂಡ್ ಬ್ಲಡ್, 2022ರಲ್ಲಿ ಬಂಡಾಯ್ ಕಂಪನಿಯ ಒನ್ ಪೀಸ್. ಒಂದೊಂದರದು ಒಂದೊಂದು ನಿಯಮ: ಮ್ಯಾಜಿಕ್‌ಗೆ ಕನಿಷ್ಠ 60 ಕಾರ್ಡಿನ ಡೆಕ್ಕು, 15 ಕಾರ್ಡಿನವರೆಗೆ ಸೈಡ್‌ಬೋರ್ಡು (ಒಂದೇ ಪಂದ್ಯದ ಆಟಗಳ ನಡುವೆ ಬದಲಿಸಿಕೊಳ್ಳಲು ಇಡುವ ಹೆಚ್ಚುವರಿ ಕಾರ್ಡು), ಪೊಕೆಮಾನ್‌ಗೆ ಸರಿಯಾಗಿ 60, ಯು-ಗಿ-ಓಗೆ 40ರಿಂದ 60. ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲಿ ಅರ್ಧದಷ್ಟು ಉಪಯೋಗಕ್ಕೆ ಬರುತ್ತದೆ. ಒಟ್ಟಿಗೆ ಎರಡು ಆಟದಲ್ಲಿ ವೃತ್ತಿ ಮಟ್ಟ ಮುಟ್ಟುತ್ತೇನೆಂದು ಹೊರಡುವುದು ಮಾತ್ರ ಬೇಡ. ಒಂದನ್ನು ಹಿಡಿಯಿರಿ, ಎರಡು ವರ್ಷವಾದರೂ ಬಿಡಬೇಡಿ.

ಇನ್ನೊಂದು ವಿಷಯ ಈಗಲೇ ಹೇಳಬೇಕು. ಕ್ರಿಕೆಟ್ ಯಾವ ಒಂದು ಕಂಪನಿಯ ಆಸ್ತಿಯೂ ಅಲ್ಲ. ಈ ಆಟಗಳು ಹಾಗಲ್ಲ, ಪ್ರತಿಯೊಂದಕ್ಕೂ ಒಡೆಯರಿದ್ದಾರೆ. 2018ರ ಡಿಸೆಂಬರಿನಲ್ಲಿ ಮ್ಯಾಜಿಕ್ ಪ್ರೊ ಲೀಗ್ ಘೋಷಣೆಯಾದಾಗ 32 ಆಟಗಾರರಿಗೆ ತಲಾ 75,000 ಡಾಲರಿನ ಒಪ್ಪಂದವಿತ್ತು. 2021ರ ಮೇ ತಿಂಗಳಲ್ಲಿ ಆ ಲೀಗ್ ವ್ಯವಸ್ಥೆಯನ್ನೇ ಮುಗಿಸುವುದಾಗಿ ಕಂಪನಿ ತಿಳಿಸಿತು. ಆಟಗಾರರ ಕೈಚಳಕ ಕಮ್ಮಿಯಾಗಿ ಆದದ್ದಲ್ಲ ಅದು. ನಮ್ಮ ದೇಶದ ಉದಾಹರಣೆಯೂ ಇದೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರದರ್ಶನ ಕ್ರೀಡೆಯಾಗಿದ್ದ ಇ-ಸ್ಪೋರ್ಟ್ಸ್‌ನಲ್ಲಿ, ಹಾರ್ತ್‌ಸ್ಟೋನ್ ಎಂಬ ಡಿಜಿಟಲ್ ಕಾರ್ಡ್ ಆಟದಲ್ಲಿ ಗುಜರಾತಿನ ಭುಜ್‌ನ ತೀರ್ಥ್ ಮೆಹ್ತಾ ಕಂಚು ಗೆದ್ದರು. ಭುಜ್ ಏನು ಮಹಾನಗರವಲ್ಲ, ನಮ್ಮ ಜಿಲ್ಲಾ ಕೇಂದ್ರಗಳ ಹಾಗೆಯೇ. ಮುಂದಿನ ಹಾಂಗ್‌ಝೌ ಕೂಟದ ಪಟ್ಟಿಯಲ್ಲೂ ಆ ಆಟವಿತ್ತು. ಚೀನಾದಲ್ಲಿ ಅದರ ಪರವಾನಗಿ ಒಪ್ಪಂದ 2023ರ ಜನವರಿಯಲ್ಲಿ ಮುಗಿದು ಸೇವೆ ನಿಂತಿತು, ಆಟವನ್ನು ಕೂಟದಿಂದ ಕೈಬಿಟ್ಟರು. ಆಡಿ ಗೆಲ್ಲಬಹುದಾದವರ ಕೈಗೆ ಅಂಗಳವೇ ಸಿಗಲಿಲ್ಲ.

ಹೀಗಿರುವಾಗ ತುಮಕೂರಿನಲ್ಲಿ ಕೂತವರು ಎಲ್ಲಿಂದ ಶುರು ಮಾಡಬೇಕು? ಹೆಚ್ಚಿನವರು ಕಾರ್ಡಿನಿಂದ ಶುರು ಮಾಡುತ್ತಾರೆ. ಶಾಲೆಯ ಎದುರಿನ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಬಂಗಾರ ಬಣ್ಣದ ಪ್ಲಾಸ್ಟಿಕ್ ಪೊಕೆಮಾನ್ ಕಾರ್ಡ್ ನಕಲಿ, ಯಾವ ಟೂರ್ನಿಯಲ್ಲೂ ನಡೆಯದು. ಮಕ್ಕಳಲ್ಲಿ ಆಸೆ ಹುಟ್ಟಿಸುವ ಕೆಲಸವನ್ನು ಅದು ಮಾಡುತ್ತದೆ, ಅಷ್ಟೇ. ನಂತರ ಬೂಸ್ಟರ್ ಪ್ಯಾಕ್, ಅಂದರೆ ಒಳಗೆ ಯಾವ ಕಾರ್ಡ್ ಇದೆ ಎಂದು ಒಡೆಯುವವರೆಗೆ ಗೊತ್ತಾಗದ ಪೊಟ್ಟಣ. ಪ್ಯಾಕ್ ಒಡೆಯುವುದು ಖುಷಿಯ ಕೆಲಸ. ಆದರೆ ಡೆಕ್ ಕಟ್ಟಲು ಅದರಷ್ಟು ದುಬಾರಿ ದಾರಿ ಬೇರೆ ಇಲ್ಲ. ಬೇಕಾದ ಕಾರ್ಡನ್ನು ಬಿಡಿಯಾಗಿ, ಸಿಂಗಲ್ಸ್ ಆಗಿ ಕೊಳ್ಳಬೇಕು. ಅದೂ ಆಡುವ ಡೆಕ್ ಗಟ್ಟಿಯಾದ ಮೇಲೆ.

ನಿಜವಾದ ಕೊರತೆ ಎದುರಾಳಿಗಳದು. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯ ಪಾಲೊ ವಿಟರ್ ಡಾಮೊ ಡಾ ರೋಸಾ 2020ರ ಫೆಬ್ರವರಿಯಲ್ಲಿ ಹೊನೊಲುಲುವಿನಲ್ಲಿ ಮ್ಯಾಜಿಕ್ ವಿಶ್ವ ಚಾಂಪಿಯನ್ ಆಗಿ 3 ಲಕ್ಷ ಡಾಲರ್ ಗೆದ್ದರು. ಅಮೆರಿಕ, ಜಪಾನಿನ ದೊಡ್ಡ ಆಟದ ಕೇಂದ್ರಗಳಿಂದ ದೂರದ ಊರಿನವರು. ಇಂಥವರೂ ದೊಡ್ಡ ಟೂರ್ನಿಗೆ ಒಬ್ಬರೇ ತಯಾರಾಗುವುದಿಲ್ಲ. ಪ್ರೊ ಟೂರ್‌ಗೆ ಮುನ್ನ ತಂಡದವರು ಒಂದೇ ಮನೆ ಬಾಡಿಗೆಗೆ ಹಿಡಿದು ಹಗಲು ರಾತ್ರಿ ಒಬ್ಬರ ವಿರುದ್ಧ ಒಬ್ಬರು ಆಡುವುದು ಈ ಲೋಕದ ರೂಢಿ. ಆದ್ದರಿಂದ ತುಮಕೂರಿನಲ್ಲಿ ಈ ಕಸುಬಿನ ಮೊದಲ ಕೆಲಸ ಇನ್ನೂ ಏಳು ಜನರಿಗೆ ಆಟ ಕಲಿಸಿ, ಅವರು ನಿಮ್ಮನ್ನು ಸೋಲಿಸುವ ಮಟ್ಟಕ್ಕೆ ತರುವುದು.

ಎಂಟು ಏಕೆ? ಬೂಸ್ಟರ್ ಡ್ರಾಫ್ಟ್‌ಗೆ (ಪ್ಯಾಕ್ ಒಡೆದು ಒಂದೊಂದೇ ಕಾರ್ಡ್ ಆರಿಸಿ, ಉಳಿದದ್ದನ್ನು ಪಕ್ಕದವರಿಗೆ ದಾಟಿಸುತ್ತ ಅಲ್ಲೇ ಡೆಕ್ ಕಟ್ಟಿ ಆಡುವ ಬಗೆ) ಒಂದು ಮೇಜಿಗೆ ಎಂಟು ಜನ ರೂಢಿ. ಎಂಟು ಜನರಿದ್ದರೆ ಮೂರು ಸುತ್ತಿನ ಸ್ವಿಸ್ ನಡೆಸಬಹುದು. ಚಾಲ್ತಿಯಲ್ಲಿರುವ ಎಂಟು ಮುಖ್ಯ ಡೆಕ್‌ಗಳನ್ನು ತಲಾ ಒಂದರಂತೆ ಹಂಚಿಕೊಂಡರೆ ಎಲ್ಲವೂ ಎಲ್ಲದರ ವಿರುದ್ಧ ಆಡಲು 28 ಜೋಡಿ ಆಗುತ್ತದೆ. ನಾಲ್ಕು ಮೇಜಿನಲ್ಲಿ ಒಟ್ಟಿಗೆ ಆಡಿ, ಜೋಡಿಗೆ ಹತ್ತು ಆಟ, ಆಟಕ್ಕೆ 20 ನಿಮಿಷ ಹಿಡಿದರೆ ಒಟ್ಟು 1,400 ನಿಮಿಷ. ಭಾನುವಾರಕ್ಕೆ ನಾಲ್ಕು ಗಂಟೆಯಂತೆ ಆರು ಭಾನುವಾರದ ಕೆಲಸ. ಇಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲ್‌ಗಳಿರುವ ಊರಿನಲ್ಲಿ ಎಂಟು ಜನ ಹುಡುಕುವುದು ಕಷ್ಟವಲ್ಲ, ಅವರನ್ನು ಆರು ವಾರ ಹಿಡಿದಿಡುವುದು ಕಷ್ಟ. ಪರೀಕ್ಷೆಯ ವೇಳಾಪಟ್ಟಿ ನೋಡಿಕೊಂಡೇ ಶುರು ಮಾಡಿ.

ಅಭ್ಯಾಸಕ್ಕೆ ನಿಜವಾದ ಕಾರ್ಡ್ ಬೇಕಿಲ್ಲ. ಕಾರ್ಡಿನ ಅಳತೆ 63 ಮಿ.ಮೀ. ಅಗಲ, 88 ಮಿ.ಮೀ. ಎತ್ತರ. ಎ4 ಹಾಳೆಗೆ ಮೂರು ಸಾಲು, ಸಾಲಿಗೆ ಮೂರರಂತೆ ಒಂಬತ್ತು ಕೂರುತ್ತವೆ. ಸೈಡ್‌ಬೋರ್ಡ್ ಸೇರಿ 75 ಕಾರ್ಡಿಗೆ ಒಂಬತ್ತು ಹಾಳೆ, ಎಂಟು ಡೆಕ್‌ಗೆ 72 ಹಾಳೆ. ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು-ಬಿಳುಪು ಪ್ರಿಂಟ್ ಸಾಕು. ಪ್ರಿಂಟ್ ಕೊಡುವಾಗ 'ಫಿಟ್ ಟು ಪೇಜ್' ತೆಗೆದು ನೂರಕ್ಕೆ ನೂರು ಅಳತೆಯಲ್ಲಿ ತೆಗೆಯಲು ಹೇಳಿ, ಇಲ್ಲದಿದ್ದರೆ ಕಾರ್ಡ್ ಕುಗ್ಗಿ ಸ್ಲೀವ್‌ನಲ್ಲಿ (ಕಾರ್ಡಿಗೆ ಹಾಕುವ ಪ್ಲಾಸ್ಟಿಕ್ ಕವರ್) ಓಡಾಡುತ್ತದೆ. ಕತ್ತರಿಸಿದ ಚೀಟಿಯನ್ನು ಯಾವುದಾದರೂ ಅಗ್ಗದ ಕಾರ್ಡಿನ ಮುಂದೆ ಇಟ್ಟು ಸ್ಲೀವ್‌ಗೆ ಸೇರಿಸಿ. ಇದು ಮನೆಯೊಳಗಿನ ಅಭ್ಯಾಸಕ್ಕೆ ಮಾತ್ರ. ಅಧಿಕೃತ ಟೂರ್ನಿಗೆ ಒಯ್ಯುವಂತಿಲ್ಲ, ಮಾರುವಂತೂ ಇಲ್ಲ.

ಅಭ್ಯಾಸ ಕೆಡುವುದು ಮೂರು ಕಡೆ. ಒಂದು, ಒಬ್ಬರೇ ಯಾವಾಗಲೂ ಒಂದೇ ಡೆಕ್ ಹಿಡಿಯುವುದು. ಗೆದ್ದದ್ದು ಡೆಕ್ಕೋ ಆಡಿದವರೋ ತಿಳಿಯದು. ಹತ್ತರಲ್ಲಿ ಐದು ಆಟ ಆದ ಮೇಲೆ ಎದುರಾಳಿಯೊಂದಿಗೆ ಡೆಕ್ ಅದಲುಬದಲು ಮಾಡಿಕೊಳ್ಳಿ. ಎರಡು, ಸೈಡ್‌ಬೋರ್ಡ್ ಇಲ್ಲದೆ ಆಡುವುದು. ಮೂರರಲ್ಲಿ ಎರಡು ಗೆಲ್ಲಬೇಕಾದ ಪಂದ್ಯದಲ್ಲಿ ಸೈಡ್‌ಬೋರ್ಡ್ ಇಲ್ಲದೆ ಆಡುವುದು ಮೊದಲ ಆಟ ಒಂದೇ. ಉಳಿದ ಒಂದೋ ಎರಡೋ ಆಟ ಕಾರ್ಡ್ ಬದಲಿಸಿದ ಮೇಲಿನವು. ಅಂದರೆ ಆಡುವ ಆಟದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಆ ಬಗೆಯವು, ಅಭ್ಯಾಸದಲ್ಲಿ ಮಾತ್ರ ಅವೇ ಕಡಿಮೆ. ಮೂರು, ಸಣ್ಣ ಲೆಕ್ಕ ನಂಬುವುದು. ಹತ್ತರಲ್ಲಿ ಆರು ಗೆದ್ದರೆ ಅದು ಏನನ್ನೂ ಹೇಳುವುದಿಲ್ಲ. ನೂರು ಆಟ ಆಡಿದರೂ ಸಿಗುವ ಶೇಕಡಾವಾರಿನಲ್ಲಿ ಹತ್ತು ಅಂಕದಷ್ಟು ಅತ್ತಿತ್ತ ಆಗುವ ಸಾಧ್ಯತೆ ಇರುತ್ತದೆ. ಆದ್ದರಿಂದ ಗೆಲುವಿನ ಎಣಿಕೆಗಿಂತ ನೋಟ್‌ಬುಕ್ ಮುಖ್ಯ: ಯಾರು ಮೊದಲು ಆಡಿದರು, ಯಾವ ಕೈ ಇಟ್ಟುಕೊಂಡರು, ಯಾವ ಸರದಿಯಲ್ಲಿ ಆಟ ತಿರುಗಿತು, ಆ ಸರದಿಯಲ್ಲಿ ಬೇರೆ ಏನು ಮಾಡಬಹುದಿತ್ತು. 'ಅದೃಷ್ಟ ಇರಲಿಲ್ಲ' ಎಂದು ಬರೆದ ಸಾಲಿನಿಂದ ಯಾರಿಗೂ ಏನೂ ಸಿಗದು.

ಡೆಕ್ ಆರಿಸುವಾಗಿನ ಒಂದು ತಪ್ಪನ್ನು ಲೆಕ್ಕ ಹಾಕಿಯೇ ತೋರಿಸಬೇಕು. ಟೂರ್ನಿಗೆ ಬರುವವರಲ್ಲಿ ಶೇ. 30 ಜನ 'ಅ' ಡೆಕ್, ಶೇ. 25 'ಆ' ಡೆಕ್, ಉಳಿದ ಶೇ. 45 ಜನ ಬೇರೆ ಬೇರೆ ಡೆಕ್ ತರುತ್ತಾರೆ ಎಂದುಕೊಳ್ಳಿ. ನಿಮ್ಮ ಬಳಿ ಎರಡು ಆಯ್ಕೆ. ಮೊದಲನೆಯದು 'ಅ' ಎದುರು ಶೇ. 60, 'ಆ' ಎದುರು ಶೇ. 40, ಉಳಿದವರೆದುರು ಶೇ. 52 ಗೆಲ್ಲುತ್ತದೆ. ಎರಡನೆಯದು ಕ್ರಮವಾಗಿ 52, 55, 50. ಎಲ್ಲರ ಕಣ್ಣೂ ಆ ಅರವತ್ತರ ಮೇಲೆ ಬೀಳುತ್ತದೆ. ಪಾಲಿಗೆ ತಕ್ಕಂತೆ ಗುಣಿಸಿ ಕೂಡಿಸಿದರೆ ಮೊದಲನೆಯದು ಶೇ. 51.4, ಎರಡನೆಯದು ಶೇ. 51.9. ಅತಿ ಹೆಚ್ಚು ಜನ ತರುವ ಡೆಕ್ಕನ್ನು ಹೊಡೆಯುವುದೇ ಸರಿಯಾದ ಆಯ್ಕೆ ಅಂತೇನಿಲ್ಲ. ವ್ಯತ್ಯಾಸ ಅರ್ಧ ಅಂಕ ಅನ್ನಿಸಬಹುದು. ವೃತ್ತಿ ಆಟಗಾರರು ಬದುಕುವುದೇ ಇಂಥ ಅರ್ಧ ಅಂಕಗಳನ್ನು ಕೂಡಿಸಿಕೊಂಡು. ಒಂದು ಆಟದಲ್ಲಿ ಶೇ. 55 ಗೆಲ್ಲುವವರು ಮೂರು ಆಟದ ಪಂದ್ಯದಲ್ಲಿ ಶೇ. 57.5 ಗೆಲ್ಲುತ್ತಾರೆ. ಸಣ್ಣ ಮೇಲುಗೈ ಪಂದ್ಯದಲ್ಲಿ ಸ್ವಲ್ಪ ದೊಡ್ಡದಾಗುತ್ತದೆ.

ಕಾರ್ಡ್ ಕೈಗೆ ಬರುವ ಸಾಧ್ಯತೆ ಬಾಯಿಗೆ ಬರುವಂತಿರಲಿ. 60 ಕಾರ್ಡಿನ ಡೆಕ್‌ನಲ್ಲಿ ನಾಲ್ಕು ಪ್ರತಿ ಇರುವ ಕಾರ್ಡ್ ಮೊದಲ ಏಳರಲ್ಲಿ ಒಂದಾದರೂ ಸಿಗುವ ಸಾಧ್ಯತೆ ಶೇ. 40, ಹತ್ತು ಕಾರ್ಡ್ ನೋಡುವ ಹೊತ್ತಿಗೆ ಶೇ. 53. ಯು-ಗಿ-ಓದ 40 ಕಾರ್ಡಿನ ಡೆಕ್‌ನಲ್ಲಿ ಮೂರು ಪ್ರತಿ ಇದ್ದರೆ ಮೊದಲ ಐದರಲ್ಲಿ ಶೇ. 34. ಪೊಕೆಮಾನ್‌ನಲ್ಲಿ ಆಟ ಶುರು ಮಾಡಲು ಬೇಕೇ ಬೇಕಾದ ಬೇಸಿಕ್ ಪೊಕೆಮಾನ್ ಹತ್ತೇ ಇಟ್ಟರೆ ಮೊದಲ ಕೈಯಲ್ಲಿ ಒಂದೂ ಸಿಗದೆ ಮಲ್ಲಿಗನ್ (ಕೈಯ ಕಾರ್ಡ್ ವಾಪಸ್ ಹಾಕಿ, ಕಲೆಸಿ, ಹೊಸದಾಗಿ ಎತ್ತುವುದು) ಮಾಡಬೇಕಾಗುವುದು ಸುಮಾರು ನಾಲ್ಕಕ್ಕೆ ಒಂದು ಸಲ, ಪ್ರತಿ ಸಲವೂ ಎದುರಾಳಿಗೆ ಒಂದು ಕಾರ್ಡ್ ಹೆಚ್ಚಿಗೆ ಎತ್ತುವ ಅವಕಾಶ. ಒಂದೇ ಪ್ರತಿ ಇರುವ ಕಾರ್ಡು ಆಟದ ಶುರುವಿನಲ್ಲಿ ಮುಚ್ಚಿ ಬದಿಗಿಡುವ ಆರು ಪ್ರೈಜ್ ಕಾರ್ಡ್‌ಗಳಲ್ಲಿ ಸಿಕ್ಕಿಬೀಳುವುದು ಹತ್ತಕ್ಕೆ ಒಂದು ಆಟದಲ್ಲಿ. ಹಾಗಾಗಿ ಡೆಕ್‌ನಲ್ಲಿ ಮೊದಲ ಸಲ ಹುಡುಕುವಾಗಲೇ ಇಡೀ ಡೆಕ್ ನೋಡಿ ಯಾವುದು ಇಲ್ಲ ಎಂದು ಪತ್ತೆ ಹಚ್ಚುವುದನ್ನು ಅಭ್ಯಾಸ ಮಾಡಬೇಕು. ಗಡಿಯಾರ ಇಟ್ಟುಕೊಂಡು ದಿನಕ್ಕೆ ಹತ್ತು ಸಲ ಮಾಡಿದರೆ ವೇಗ ತಾನಾಗಿ ಬರುತ್ತದೆ.

ಆನ್‌ಲೈನ್ ಅಭ್ಯಾಸ ಬೇಡವೇ? ಬೇಕು. ಮ್ಯಾಜಿಕ್ ಅರೀನಾ, ಪೊಕೆಮಾನ್ ಟಿಸಿಜಿ ಲೈವ್, ಯು-ಗಿ-ಓದ ಮಾಸ್ಟರ್ ಡ್ಯುಯಲ್ ಬಂದ ಮೇಲೆ ಸಣ್ಣ ಊರಿನವರಿಗೆ ಎದುರಾಳಿಗಳ ಬರ ಅರ್ಧ ನೀಗಿದೆ. ಅರೀನಾದ ಅರ್ಹತಾ ಟೂರ್ನಿಗಳ ಮೂಲಕ ಮನೆಯಲ್ಲಿ ಕೂತೇ ಪ್ರೊ ಟೂರ್‌ವರೆಗೆ ದಾರಿ ಇದೆ. ಆದರೆ ಕಂಪ್ಯೂಟರ್ ಎಲ್ಲ ನಿಯಮವನ್ನೂ ತಾನೇ ನೋಡಿಕೊಳ್ಳುತ್ತದೆ: ಕಲೆಸುವುದು, ಎಣಿಸುವುದು, ಮರೆತ ಪರಿಣಾಮ ನೆನಪಿಸುವುದು, ಸಮಯ ಹಿಡಿಯುವುದು. ಮೇಜಿನ ಮುಂದೆ ಕೂತಾಗ ಅದನ್ನೆಲ್ಲ ಆಟಗಾರರೇ ಮಾಡಬೇಕು. ಅಲ್ಲಿ ಎಡವುವವರು ಬಹಳ.

ಮೇಜಿನ ಶಿಸ್ತಿನಲ್ಲಿ ಮೊದಲನೆಯದು ಸ್ಲೀವ್. 75 ಬೇಕಾದ ಕಡೆ 100 ಕೊಳ್ಳಿ, ಅದೂ ಒಂದೇ ಬಣ್ಣ, ಒಂದೇ ತಯಾರಿಕೆ. ಮ್ಯಾಜಿಕ್, ಪೊಕೆಮಾನ್‌ಗೆ 66×91 ಮಿ.ಮೀ., ಯು-ಗಿ-ಓ ಕಾರ್ಡ್ 59×86 ಇರುವುದರಿಂದ ಅದಕ್ಕೆ 62×89. ಕಾರ್ಡ್ ತುಂಬುವ ಮುನ್ನ ಖಾಲಿ ಸ್ಲೀವ್‌ಗಳನ್ನೇ ಚೆನ್ನಾಗಿ ಬೆರೆಸಿ. ಪ್ಯಾಕಿನೊಳಗೆ ಕತ್ತರಿಕೆಯ ಸಣ್ಣ ವ್ಯತ್ಯಾಸ ಸಾಲಾಗಿ ಬಂದಿರುತ್ತದೆ, ಹಾಗೇ ತುಂಬಿದರೆ ಒಂದೇ ಬಗೆಯ ನಾಲ್ಕು ಕಾರ್ಡಿಗೂ ಒಂದೇ ಗುರುತು ಬಿದ್ದಂತೆ. ಫಾಯಿಲ್ ಕಾರ್ಡಿನ ವಿಷಯದಲ್ಲಿ ಎಚ್ಚರ. ಹೊಳೆಯುವ ಪದರ ತೇವ ಹೀರದು, ಕಾಗದ ಹೀರುತ್ತದೆ, ಹಾಗಾಗಿ ಕಾರ್ಡ್ ಬಾಗುತ್ತದೆ. ಏಪ್ರಿಲ್‌ನ ಒಣ ಸೆಕೆಯಲ್ಲಿ ನೆಟ್ಟಗಿದ್ದದ್ದು ಜುಲೈನ ಜಡಿಮಳೆಯಲ್ಲಿ ಬಿಲ್ಲಿನಂತೆ ಬಾಗಿ, ಡೆಕ್ ಕಟ್ ಮಾಡುವಾಗ ಅಲ್ಲೇ ಬಾಯಿ ಬಿಡುತ್ತದೆ. ಜಡ್ಜ್ ನೋಡಿದರೆ ಗುರುತು ಹಾಕಿದ ಕಾರ್ಡ್ ಎಂದು ದಂಡ ಹಾಕಬಹುದು, ನಿಮಗೆ ಮೋಸದ ಉದ್ದೇಶ ಇಲ್ಲದಿದ್ದರೂ. ಡೆಕ್ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ. ಟೂರ್ನಿ ಡೆಕ್‌ಗೆ ಫಾಯಿಲ್ ಇಲ್ಲದ ಪ್ರತಿಯೇ ಇದ್ದರೆ ಇನ್ನೂ ಒಳ್ಳೆಯದು.

ಕಲೆಸುವಿಕೆ. 52 ಎಲೆಗಳ ಕಟ್ಟಿಗೆ ಏಳು ರಿಫಲ್ (ಕಟ್ಟನ್ನು ಎರಡು ಮಾಡಿ ಎಲೆಗಳನ್ನು ಒಂದರೊಳಗೊಂದು ಬೆರೆಸುವುದು) ಬೇಕೆಂದು ಬೇಯರ್ ಮತ್ತು ಡಯಾಕೊನಿಸ್ 1992ರಲ್ಲಿ ಗಣಿತದಿಂದ ತೋರಿಸಿದರು. 60ಕ್ಕೆ ಅದಕ್ಕಿಂತ ಕಡಿಮೆ ಸಾಲದು. ರಾಶಿ ರಾಶಿಯಾಗಿ ಎಣಿಸಿ ಹಾಕುವುದು ಕಲೆಸುವಿಕೆಯೇ ಅಲ್ಲ. ಕಾರ್ಡ್ ಲೆಕ್ಕ ಸರಿಯಿದೆಯೇ ಎಂದು ತಿಳಿಯಲು ಮಾತ್ರ ಅದು ಒಳ್ಳೆಯದು. ಎದುರಾಳಿಯ ಡೆಕ್ಕನ್ನೂ ಬರೀ ಕಟ್ ಮಾಡಿ ಬಿಡದೆ ನಾಲ್ಕು ಸಲ ಕಲೆಸಿ. ಅದರಲ್ಲಿ ಅನುಮಾನವೂ ಇಲ್ಲ, ಅವಮಾನವೂ ಇಲ್ಲ.

ಸಮಯ. ಮೂರು ಆಟಕ್ಕೆ 50 ನಿಮಿಷ ಅಂದರೆ ಕಲೆಸುವುದೂ ಸೇರಿ ಆಟಕ್ಕೆ 16 ನಿಮಿಷ ಚಿಲ್ಲರೆ. ಗೆಲುವಿಗೆ 3 ಅಂಕ, ಡ್ರಾಗೆ 1. ಒಂದು ಡ್ರಾ ಬಂದರೆ ಅರ್ಧ ಗೆಲುವೂ ಬಂದ ಹಾಗಲ್ಲ. ನಿಧಾನವಾಗಿ ಆಡುವವರ ಎದುರು ಮುಜುಗರಪಟ್ಟು ಸುಮ್ಮನೆ ಕೂರಬೇಡಿ. ಕೈ ಎತ್ತಿ ಜಡ್ಜ್ ಕರೆದು 'ಸ್ವಲ್ಪ ನೋಡಿಕೊಳ್ಳಿ ಸರ್' ಎಂದರೆ ಸಾಕು. ನಿಮ್ಮ ಕಡೆಯಿಂದ ತಪ್ಪಾದಾಗಲೂ ಅಷ್ಟೇ, ಎದುರಾಳಿ ಹೇಳುವ ಮೊದಲು ನೀವೇ ಕರೆಯಿರಿ. ಗೊತ್ತಿಲ್ಲದೆ ಆದ ತಪ್ಪಿಗೆ ಸಾಮಾನ್ಯವಾಗಿ ಎಚ್ಚರಿಕೆ. ಗೊತ್ತಿದ್ದು ಮುಚ್ಚಿಟ್ಟದ್ದಕ್ಕೆ ಟೂರ್ನಿಯಿಂದಲೇ ಹೊರಗೆ. ಡೆಕ್ ಪಟ್ಟಿಯಲ್ಲಿ ಒಂದು ಕಾರ್ಡ್ ಹೆಚ್ಚುಕಡಿಮೆ ಬರೆದು ಆಟ ಕಳೆದುಕೊಳ್ಳುವವರಿಗೆ ಲೆಕ್ಕವಿಲ್ಲ. ಹಿಂದಿನ ರಾತ್ರಿ ಇನ್ನೊಬ್ಬರ ಕೈಗೆ ಡೆಕ್ ಕೊಟ್ಟು ಪಟ್ಟಿ ಓದಿಸಿ ತಾಳೆ ನೋಡಿ.

ಟೂರ್ನಿಗಳು ಬೆಂಗಳೂರಿನಲ್ಲೇ ಹೆಚ್ಚು, ತುಮಕೂರಿನಿಂದ 70 ಕಿ.ಮೀ. ಹಸಿರು ಮೆಟ್ರೊ 2024ರ ನವೆಂಬರಿನಲ್ಲಿ ಮಾದಾವರದವರೆಗೆ ಬಂದಮೇಲೆ ಹೆದ್ದಾರಿಯ ಕೊನೆಯ ನೂಕುನುಗ್ಗಲು ತಪ್ಪಿಸಬಹುದು. ಏಳು ಸುತ್ತು, ಮೇಲೆ ನಾಕೌಟ್ ಅಂದರೆ ಹತ್ತು ಗಂಟೆ ಮೀರುವ ದಿನ. ಬೆಳಿಗ್ಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಹೊರಟವರಿಗೂ ನಾಲ್ಕನೇ ಸುತ್ತಿಗೆ ತಲೆ ಖಾಲಿಯಾಗುತ್ತದೆ. ಬಾಳೆಹಣ್ಣು, ಕಡಲೆಬೀಜ, ನೀರು ಚೀಲದಲ್ಲಿರಲಿ, ಸುತ್ತಿನ ನಡುವೆ ಹೋಟೆಲ್ ಹುಡುಕುವಷ್ಟು ಸಮಯ ಸಿಗುವುದಿಲ್ಲ. ಎಂಟೂ ಜನ ಒಟ್ಟಿಗೆ ಹೋದರೆ ವಾಪಸ್ ದಾರಿಯಲ್ಲೇ ನೋಟ್‌ಬುಕ್ ತುಂಬುತ್ತದೆ. ಮರುದಿನಕ್ಕೆ ಬಿಟ್ಟರೆ ಅರ್ಧ ಮರೆತಿರುತ್ತದೆ.

ಊರಿನಲ್ಲಿ ಸೇರುವ ಜಾಗದ ಬಗ್ಗೆ ಒಂದು ಮಾತು. ಕಾರ್ಡ್ ಹಿಡಿದು ಎಂಟು ಜನ ಬಾಗಿಲು ಹಾಕಿಕೊಂಡು ಕೂತರೆ ಮನೆ ಮಾಲೀಕರಿಗೆ ಮೊದಲು ನೆನಪಾಗುವುದು ಇಸ್ಪೀಟ್ ಅಡ್ಡೆ, ಅಂದರ್ ಬಾಹರ್, ಪೊಲೀಸ್ ದಾಳಿ. ಅವರ ಆತಂಕ ಸುಳ್ಳಲ್ಲ. ಮೇಜಿನ ಮೇಲೆ ಹಣ ಇಡಬೇಡಿ, ಪಣಕ್ಕೆ ಕಾರ್ಡ್ ಕಟ್ಟಬೇಡಿ, ಬಾಗಿಲು ತೆರೆದಿಡಿ, ಮಾಲೀಕರನ್ನೇ ಕರೆದು ಒಂದು ಆಟ ತೋರಿಸಿ. ಆನ್‌ಲೈನ್‌ನಲ್ಲಿ ಹಣ ಪಣಕ್ಕಿಡುವ ಆಟಗಳನ್ನು 2025ರ ಕೇಂದ್ರ ಕಾಯ್ದೆ ಕೌಶಲದ ಆಟವಾದರೂ ನಿಷೇಧಿಸಿದೆ, ಇ-ಸ್ಪೋರ್ಟ್ಸ್‌ಗೆ ಮಾತ್ರ ಬೇರೆ ಮಾನ್ಯತೆ ಇದೆ.

ಈಗ ಹಣ. ಅಂಗಡಿ ಮಟ್ಟದ ಬಹುಮಾನ ಸಾಮಾನ್ಯವಾಗಿ ಪ್ಯಾಕ್ ಅಥವಾ ಅಂಗಡಿಯ ಕ್ರೆಡಿಟ್, ನಗದಲ್ಲ. ನಗದು ಇರುವುದು ಮೇಲಿನ ಮಟ್ಟದಲ್ಲಿ: ಮ್ಯಾಜಿಕ್‌ನಲ್ಲಿ ಅಂಗಡಿಯ ಅರ್ಹತಾ ಟೂರ್ನಿ, ಪ್ರಾದೇಶಿಕ ಚಾಂಪಿಯನ್‌ಶಿಪ್, ಪ್ರೊ ಟೂರ್ ಎಂಬ ಮೆಟ್ಟಿಲು, ಪೊಕೆಮಾನ್‌ನಲ್ಲಿ ವರ್ಷವಿಡೀ ಚಾಂಪಿಯನ್‌ಶಿಪ್ ಪಾಯಿಂಟ್ ಕೂಡಿಸಿ ವಿಶ್ವ ಕೂಟಕ್ಕೆ. ನಡುವಿನ ವರ್ಷಗಳಲ್ಲಿ ಅನ್ನ ಹಾಕುವುದು ಕೋಚಿಂಗ್, ಯೂಟ್ಯೂಬ್, ಸಿಂಗಲ್ಸ್ ವ್ಯಾಪಾರ, ಇಲ್ಲವೇ ಬೇರೊಂದು ಕೆಲಸ. ನನ್ನ ಮಟ್ಟಿಗೆ ಬೇರೊಂದು ಕೆಲಸವೇ ಸರಿ. ಬಾಡಿಗೆಯ ಚಿಂತೆ ಇಟ್ಟುಕೊಂಡು ಆಡುವವರು ಕೈಯಲ್ಲಿರುವ ಕೆಟ್ಟ ಏಳು ಕಾರ್ಡನ್ನು ಬಿಡಲು ಹೆದರುತ್ತಾರೆ. ಸಿಂಗಲ್ಸ್ ವ್ಯಾಪಾರಕ್ಕೆ ಇಳಿಯುವವರು ರೊಟೇಷನ್ ತಿಂಗಳು (ಹಳೆಯ ಕಾರ್ಡ್‌ಗಳನ್ನು ಟೂರ್ನಿಯಿಂದ ಹೊರಗಿಡುವ ಹೊತ್ತು) ನೆನಪಿಡಬೇಕು, ಆಟದಿಂದ ಹೊರಬೀಳುವ ಕಾರ್ಡಿನ ಬೆಲೆ ಅದಕ್ಕೆ ಮೊದಲೇ ಇಳಿಯುತ್ತದೆ, ಮರುಮುದ್ರಣದ ಸುದ್ದಿ ಬಂದರೂ ಇಳಿಯುತ್ತದೆ. ಮ್ಯಾಜಿಕ್ ಕಾರ್ಡ್ ನಕಲಿಯೇ ಎಂದು ನೋಡಲು ಹಿಂಬದಿಯ ಹಸಿರು ಚುಕ್ಕೆಯನ್ನು ಭೂತಗನ್ನಡಿಯಲ್ಲಿ ನೋಡಿ: ಅಸಲಿಯಲ್ಲಿ ಅದರೊಳಗೆ ನಾಲ್ಕು ಕೆಂಪು ಚುಕ್ಕೆ ಇಂಗ್ಲಿಷ್‌ನ ಎಲ್ ಅಕ್ಷರದ ಆಕಾರದಲ್ಲಿ ಕೂತಿರುತ್ತವೆ.

ಕಾರ್ಡ್ ಆಟದಲ್ಲಿ ಗೆದ್ದ ಹಣಕ್ಕೆ ನಮ್ಮಲ್ಲಿ ಲಾಟರಿಗೆ ಇರುವಂತೆಯೇ ಶೇ. 30ರ ನೇರ ತೆರಿಗೆ, ಮೇಲೆ ಸೆಸ್. ಪ್ರಯಾಣ, ವಸತಿ, ಕಾರ್ಡಿನ ಖರ್ಚನ್ನು ಅದರಿಂದ ಕಳೆಯಲು ಬರುವುದಿಲ್ಲ. ಕೋಚಿಂಗ್, ವಿಡಿಯೊ ಆದಾಯದ ಲೆಕ್ಕ ಬೇರೆ, ಅಲ್ಲಿ ಖರ್ಚು ಕಳೆಯಬಹುದು. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಖಾತೆ ಇಟ್ಟುಕೊಂಡು ಆಡಿಟರ್ ಹತ್ತಿರ ಹೋಗಿ. ಪಾಸ್‌ಪೋರ್ಟ್ ಮಾಡಿಸುವುದನ್ನು ಆಹ್ವಾನ ಬರುವವರೆಗೆ ಮುಂದೂಡಬೇಡಿ. ಅರ್ಹತೆ ಸಿಕ್ಕ ದಿನವೇ ಸಂಘಟಕರಿಂದ ಆಹ್ವಾನ ಪತ್ರ ಕೇಳಿ, ಅದರ ಮೇಲೆ ವೀಸಾ ಅರ್ಜಿ ಹಾಕಿ. ವೀಸಾ ತಡವಾದರೆ ಅರ್ಹತೆಯನ್ನು ಮುಂದಿನ ಟೂರ್ನಿಗೆ ಕೊಡುತ್ತಾರೆಯೇ ಎಂದೂ ಆಗಲೇ ಕೇಳಿಬಿಡಿ.

ಆಟದಿಂದ ಹೊರಬಂದವರು ಎಲ್ಲಿ ಹೋದರು ಎಂಬುದನ್ನೂ ಮನೆಯವರಿಗೆ ಹೇಳಬೇಕು. 1997ರಲ್ಲಿ ಷಿಕಾಗೊ ಪ್ರೊ ಟೂರ್ ಗೆದ್ದ ರ‍್ಯಾಂಡಿ ಬ್ಯೂಲರ್, ಪ್ರೊ ಟೂರ್ ಆಡಿದ ಆರನ್ ಫಾರ್ಸೈತ್ ಇಬ್ಬರೂ ಮ್ಯಾಜಿಕ್ ತಯಾರಿಸುವ ಕಂಪನಿಯನ್ನೇ ಸೇರಿ ಅಲ್ಲಿ ಆಟ ವಿನ್ಯಾಸದ ವಿಭಾಗದಲ್ಲಿ ಕೆಲಸ ಮಾಡಿದರು. ಜಾನ್ ಫಿಂಕಲ್ ಹಣಕಾಸು ಹೂಡಿಕೆಯ ಕ್ಷೇತ್ರಕ್ಕೆ ಹೋದರು. ಬ್ರಯಾನ್ ಕಿಬ್ಲರ್ ತಾವೇ ಹೊಸ ಕಾರ್ಡ್ ಆಟಗಳನ್ನು ವಿನ್ಯಾಸ ಮಾಡಿದರು. ತುಮಕೂರಿನ ಎಂಟು ಜನರಲ್ಲಿ ಯಾರಿಗಾದರೂ ಈ ದಾರಿ ಬೇಕಾದರೆ ಆರು ಭಾನುವಾರದ ಆ ನೋಟ್‌ಬುಕ್ಕನ್ನು ಸ್ಪ್ರೆಡ್‌ಶೀಟ್‌ಗೆ ಏರಿಸಿ: 280 ಆಟ, ಡೆಕ್, ಮೊದಲು ಆಡಿದವರು, ಮಲ್ಲಿಗನ್, ಫಲಿತಾಂಶ, ಪಕ್ಕದಲ್ಲಿ ಸಾಧ್ಯತೆಯ ಲೆಕ್ಕದ ಸೂತ್ರ. ಡೇಟಾ ವಿಶ್ಲೇಷಣೆಯ ಕೆಲಸದ ಸಂದರ್ಶನದಲ್ಲಿ ಅದನ್ನು ತೆರೆದು ತೋರಿಸಿ ಸಾಲು ಸಾಲಾಗಿ ವಿವರಿಸಬಹುದು.